ಹೊಸ ನಾಡಿಗೆ ಬಂದ ಹೆಂಗಸಿಗೆ ಮೊದಲ ಕೆಲಸ

(ನಮ್ಮ ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣ)



ವೇದಿಕೆಯ ಮೇಲೆ ನಿಂತು ಮಾತನಾಡಿ ನನಗೆ ಅಭ್ಯಾಸವಿಲ್ಲ. "ಅಕ್ಕ, ನಿಮಗೆ ಗೊತ್ತಿರುವುದನ್ನೇ ಹೇಳಿ" ಎಂದು ಕಾರ್ಯದರ್ಶಿಗಳು ಧೈರ್ಯ ಕೊಟ್ಟಿದ್ದಾರೆ. ನನಗೆ ಗೊತ್ತಿರುವುದು ಎರಡು ಸಂಗತಿ. ಒಂದು, ಪರವೂರಿನಲ್ಲಿ ಕೆಲಸ ಹುಡುಕುವುದು ಹೆಂಗಸಿಗೆ ಎಷ್ಟು ಕಷ್ಟ ಎಂಬುದು. ಇದನ್ನು ನಾನು ಅನುಭವಿಸಿ ತಿಳಿದೆ. ಇನ್ನೊಂದು, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ಷಿಕಾಗೋ ನಗರದಲ್ಲಿ ಕೆಲವರು ಇದೇ ಕಷ್ಟಕ್ಕೆ ಹುಡುಕಿದ ಉಪಾಯ. ಇದನ್ನು ಶಾಲೆಯಲ್ಲಿ ಪಾಠ ಹೇಳುವ ನನ್ನ ಮಗಳು ರಾತ್ರಿ ಊಟವಾದ ಮೇಲೆ ಪುಸ್ತಕ ಓದಿ ಕನ್ನಡದಲ್ಲಿ ತಿಳಿಸಿಕೊಟ್ಟದ್ದು. ಎರಡನ್ನೂ ನಿಮ್ಮ ಮುಂದಿಟ್ಟು, ಕೊನೆಗೆ ಸಂಘಕ್ಕೆ ಒಂದು ಬೇಡಿಕೆ ಸಲ್ಲಿಸುತ್ತೇನೆ.

ಮೊದಲು ನನ್ನ ಸಂಗತಿ. 1979ರಲ್ಲಿ ಮದುವೆಯಾಗಿ ನಾನು ಲಾಲ್‌ಬಾಗಿನ ಒಂದು ಚಾಳಿಗೆ ಬಂದೆ. ಯಜಮಾನರು ಗಿರಣಿಯಲ್ಲಿ ಸಾಂಚೆ ನಡೆಸುತ್ತಿದ್ದರು. 1982ರ ಜನವರಿ 18ರಂದು ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಮುಂದೆ ಏನಾಯಿತೆಂದು ಈ ಸಭೆಗೆ ಹೇಳಬೇಕಾಗಿಲ್ಲ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅನೇಕರು ಅದನ್ನು ಉಂಡವರೇ. ಆರು ತಿಂಗಳಾಗುವ ಹೊತ್ತಿಗೆ ಮನೆಯ ಡಬ್ಬಗಳೆಲ್ಲ ಬರಿದಾದವು. ಅಂದು ನಾನೇ ಕೆಲಸಕ್ಕೆಂದು ಹೊರಟೆ.

ನಾನು ಊರಿನಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಕನ್ನಡ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬಲ್ಲೆ. ಆದರೆ ಈ ಊರಿನಲ್ಲಿ ನಾನು ಅನಕ್ಷರಸ್ಥೆಯೇ ಆದೆ. ಮರಾಠಿ ಬಾರದು, ಹಿಂದಿ ಬಾರದು. ಒಬ್ಬ ಹೆಂಗಸು ನನ್ನನ್ನು ಬಟ್ಟೆ ಹೊಲಿಯುವ ಒಂದು ಕಾರ್ಖಾನೆಗೆ ಸೇರಿಸಿದಳು. ಇಂಗ್ಲಿಷಿನಲ್ಲಿ ಬರೆದ ಕಾಗದಕ್ಕೆ ನಾನು ರುಜು ಹಾಕಿದೆ. ಅದರಲ್ಲಿ ಏನಿತ್ತೆಂದು ಈಗಲೂ ನನಗೆ ಗೊತ್ತಿಲ್ಲ. ಮೊದಲ ತಿಂಗಳ ಪಗಾರವೆಲ್ಲ ಆಕೆಗೆ ಹೋಯಿತು. ಎರಡನೆಯ ತಿಂಗಳು ಅರ್ಧ ಹೋಯಿತು. ಕೂಲಿ ತುಂಡಿನ ಲೆಕ್ಕ. ನಾನು ದಿನಕ್ಕೆ ಎಷ್ಟು ತುಂಡು ಹೊಲಿದೆ ಎಂದು ಎಣಿಸಿ ಹೇಳಲು ಬಾರದೆ, ಅವರು ಬರೆದುಕೊಂಡದ್ದೇ ಲೆಕ್ಕವಾಯಿತು.

ನಮ್ಮ ಪಕ್ಕದ ಖೋಲಿಯಲ್ಲಿ ಒಬ್ಬ ಮಾವಶಿ ಇದ್ದರು. ಸಾತಾರೆಯ ಕಡೆಯವರು. ನಾನು ಅಳುವುದನ್ನು ಕಂಡು ಒಳಗೆ ಬಂದರು. ಸಮಾಧಾನದ ಮಾತು ಹೇಳಲಿಲ್ಲ. ಗೋಡೆಯ ಮೇಲೆ ಮಸಿಯಿಂದ ಗೆರೆ ಎಳೆದು ಎಕ್, ದೋನ್, ತೀನ್ ಎಂದು ಎಣಿಸಲು ಕಲಿಸಿದರು. "ಮೊದಲು ಲೆಕ್ಕ ಕಲಿ, ಮಾತು ತಾನಾಗಿ ಬರುತ್ತದೆ" ಎಂಬುದು ಅವರ ಅಭಿಪ್ರಾಯ. ಮುಂದಿನ ವಾರ ನಾನು ಸೆರಗಿನ ತುದಿಯಲ್ಲಿ ಗಂಟು ಹಾಕುತ್ತ ತುಂಡು ಎಣಿಸಿದೆ. ಶನಿವಾರ ಗುಮಾಸ್ತರು ಹೇಳಿದ ಸಂಖ್ಯೆಗೂ ನನ್ನ ಗಂಟಿಗೂ ತಾಳೆಯಾಗಲಿಲ್ಲ. ಮರಾಠಿಯಲ್ಲಿ ನನ್ನ ಸಂಖ್ಯೆ ಹೇಳಿದೆ. ಆ ಮನುಷ್ಯ ಒಮ್ಮೆ ನನ್ನ ಮುಖ ನೋಡಿ, ತಿದ್ದಿ ಬರೆದ. ನನಗೆ ಕೆಲಸ ಸಿಕ್ಕಿದ್ದು ಅಂದೇ ಎಂದು ನಾನು ಭಾವಿಸುತ್ತೇನೆ. ಅದಕ್ಕೆ ಹಿಂದಿನದು ಬರೀ ದುಡಿತ.

ಈಗ ಷಿಕಾಗೋ ನಗರದ ಸಂಗತಿಗೆ ಬರುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯ ಶತಮಾನದ ಮೊದಲು. ಪೋಲೆಂಡ್, ಲಿಥುವೇನಿಯ, ಬೊಹೀಮಿಯ, ಇಟಲಿ, ರಷ್ಯ, ಹೀಗೆ ಯುರೋಪಿನ ಹಳ್ಳಿಹಳ್ಳಿಗಳಿಂದ ಬಡವರು ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದ ಕಾಲ. ಅವರಲ್ಲಿ ಒಂಟಿಯಾಗಿ ಹೊರಟ ಹದಿನಾರು, ಹದಿನೆಂಟು ವರ್ಷದ ಹುಡುಗಿಯರೂ ಬಹಳ ಮಂದಿ. ನ್ಯೂಯಾರ್ಕಿನಲ್ಲಿ ಇಳಿದು ರೈಲಿನಲ್ಲಿ ಷಿಕಾಗೋ ತಲುಪಬೇಕು. ಕೈಯಲ್ಲಿ ಅಣ್ಣನದೋ ಚಿಕ್ಕಮ್ಮನದೋ ವಿಳಾಸ ಬರೆದ ಒಂದು ಚೀಟಿ. ರೈಲು ತಲುಪುವ ಹೊತ್ತು ನಿಶ್ಚಯವಿಲ್ಲ. ವಿಳಾಸ ತಪ್ಪಿದ್ದರೆ ಗತಿಯಿಲ್ಲ. ನಿಲ್ದಾಣದ ಹೊರಗೆ ಗಾಡಿಯವರು, ದಲ್ಲಾಳಿಗಳು ಕಾದಿರುತ್ತಿದ್ದರು. ಹಳೆಯ ಬೋರಿಬಂದರಿನಲ್ಲಿ ಟ್ರಂಕು ಹಿಡಿದು ಇಳಿದ ನಮ್ಮ ಮಾಣಿಗಳಿಗೆ ಈ ಚಿತ್ರ ಹೊಸದಲ್ಲ.

ಅದೇ ಊರಿನಲ್ಲಿ 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ವಿದ್ಯಾವಂತ ಸ್ತ್ರೀಯರು ಹಾಲ್ಸ್ಟೆಡ್ ರಸ್ತೆಯ ಬಡವರ ಕೇರಿಯಲ್ಲಿ ಒಂದು ಹಳೆಯ ಮನೆ ಹಿಡಿದು ವಾಸಕ್ಕೆ ನಿಂತರು. ಅದಕ್ಕೆ ಹಲ್ ಹೌಸ್ ಎಂದು ಹೆಸರು. ಜೇನ್ ಆಡಮ್ಸರಿಗೆ ಮುಂದೆ 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂತು. ಆದರೆ ಅವರ ದೊಡ್ಡತನಕ್ಕಿಂತ ಅವರು ಮಾಡಿದ ತಪ್ಪೊಂದು ನನಗೆ ಹೆಚ್ಚು ಮೆಚ್ಚಿಗೆಯಾಯಿತು. ಹೋಟೆಲಿನವರು ಇದನ್ನು ಕೇಳಲೇಬೇಕು.

ಕೆಲಸಕ್ಕೆ ಹೋಗುವ ಹೆಂಗಸರಿಗೆ ಅಡಿಗೆ ಮಾಡಲು ಹೊತ್ತಿಲ್ಲ, ಒಳ್ಳೆಯ ಆಹಾರವಿಲ್ಲ ಎಂದು ಹಲ್ ಹೌಸಿನವರು ಒಂದು ಸಾರ್ವಜನಿಕ ಅಡಿಗೆಮನೆ ತೆರೆದರು. ಆಹಾರಶಾಸ್ತ್ರ ಕಲಿತವರನ್ನು ಇಟ್ಟುಕೊಂಡು, ಪುಷ್ಟಿಕರವಾದ ಸಾರುಗಳನ್ನು ತೂಕ ಹಾಕಿ ಬೇಯಿಸಿ ಅಗ್ಗಕ್ಕೆ ಮಾರಲು ಇಟ್ಟರು. ಕೇರಿಯವರು ಅಷ್ಟಾಗಿ ಕೊಳ್ಳಲಿಲ್ಲ. ಒಬ್ಬ ಹೆಂಗಸು ನಾಚದೆ ಹೇಳಿಬಿಟ್ಟಳಂತೆ: ಇದು ಮೈಗೆ ಒಳ್ಳೆಯದೇ ಇರಬಹುದು, ಆದರೆ ನನಗೆ ಬೇಕಾದದ್ದನ್ನು ತಿನ್ನುವುದು ನನಗೆ ಇಷ್ಟ ಎಂದು. ಜೇನ್ ಆಡಮ್ಸ್ ಈ ಮಾತನ್ನು ಮುಚ್ಚಿಡದೆ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಗಿರಾಕಿಗೆ ಏನು ಬೇಕೆಂದು ಕೇಳದೆ ತಟ್ಟೆ ತಂದಿಟ್ಟ ಮಾಣಿಗೆ ಏನಾಗುತ್ತದೆಂದು ನಿಮಗೆ ಗೊತ್ತು. ಸಹಾಯಕ್ಕೂ ಅದೇ ನ್ಯಾಯ.

ಇದಕ್ಕೆ ಎದುರಾದ ಇನ್ನೊಂದು ಸಂಗತಿ. ಒಂದು ಬೂಟಿನ ಕಾರ್ಖಾನೆಯ ಹುಡುಗಿಯರು ಮುಷ್ಕರ ಹೂಡಿ ಹಲ್ ಹೌಸಿನಲ್ಲಿ ಸಭೆ ಸೇರಿದ್ದರು. ಮೊದಲು ಸೋತು ಕೆಲಸಕ್ಕೆ ಹಿಂದಿರುಗುವವರು ಯಾರು ಎಂಬ ಪ್ರಶ್ನೆ ಬಂತು. ಬಾಡಿಗೆ ಕೊಟ್ಟು ಪರರ ಮನೆಯಲ್ಲಿ ಊಟ ವಸತಿಗೆ ಇರುವವರೇ ಎಂದು ಅವರಿಗೆ ಗೊತ್ತಿತ್ತು. ವಾರದ ಹಣ ಕೊಡದಿದ್ದರೆ ಬೀದಿಗೆ ಬೀಳಬೇಕು. ಆಗ ಅವರಲ್ಲೇ ಒಬ್ಬಳು, ನಮ್ಮದೇ ಒಂದು ವಸತಿ ಇದ್ದರೆ ಇಂಥ ಹೊತ್ತಿನಲ್ಲಿ ಒಬ್ಬರಿಗೊಬ್ಬರು ನಿಲ್ಲಬಹುದಲ್ಲ ಎಂದಳು. ಹಲ್ ಹೌಸು ಮೊದಲ ತಿಂಗಳ ಬಾಡಿಗೆ ಕೊಟ್ಟು, ಮೇಜು ಮಂಚ ಒದಗಿಸಿತು. ಮಿಕ್ಕದ್ದನ್ನು ಹುಡುಗಿಯರೇ ವಂತಿಗೆ ಹಾಕಿ, ತಾವೇ ಲೆಕ್ಕ ಬರೆದು ನಡೆಸಿದರು. ಮೂರು ವರ್ಷದಲ್ಲಿ ಸದಸ್ಯೆಯರು ಐವತ್ತಾದರು. ಇದಕ್ಕೆ ಜೇನ್ ಕ್ಲಬ್ ಎಂದು ಹೆಸರು. ಅಡಿಗೆಮನೆ ಮೇಲಿನವರ ಬುದ್ಧಿಯಿಂದ ಹುಟ್ಟಿ ಸೊರಗಿತು. ವಸತಿ ದುಡಿಯುವವರ ಬಾಯಿಂದ ಹುಟ್ಟಿ ಬೆಳೆಯಿತು. ಒಂದೇ ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ ವಂತಿಗೆ ಹಾಕಿ ಬಿಡಾರ ನಡೆಸಿದ ನಮ್ಮ ಗಿರಣಿ ಬಂಧುಗಳು ಇದರ ಮರ್ಮವನ್ನು ಬಲ್ಲರು.

ಇನ್ನು ಕೆಲಸ ಕೊಡಿಸುವ ಮಾತು. 1908ರಲ್ಲಿ ಷಿಕಾಗೋದಲ್ಲಿ ವಲಸೆಗಾರರ ರಕ್ಷಣೆಗಾಗಿಯೇ ಒಂದು ಲೀಗ್ ಹುಟ್ಟಿತು. ಹೆಂಗಸರ ಕಾರ್ಮಿಕ ಸಂಘಟನೆಯವರೂ ಹಲ್ ಹೌಸಿನವರೂ ಅದರ ಹಿಂದೆ ಇದ್ದರು. ಅದರ ಕೆಲಸ ನಡೆಸಿದವರು ಗ್ರೇಸ್ ಅಬಟ್ ಎಂಬ, ಆಗಿನ್ನೂ ಮೂವತ್ತು ವರ್ಷದ ಮಹಿಳೆ. ಷಿಕಾಗೋಗೆ ಒಂಟಿಯಾಗಿ ಹೊರಟ ಹುಡುಗಿಯರ ಹೆಸರಿನ ಪಟ್ಟಿಯನ್ನು ನ್ಯೂಯಾರ್ಕಿನ ಬಂದರಿನಿಂದ ತರಿಸಿಕೊಂಡರು. ಅವರವರ ಭಾಷೆ ಬಲ್ಲ ಹೆಂಗಸರು ಆ ಪಟ್ಟಿ ಹಿಡಿದು ಮನೆಮನೆಗೆ ಹೋದರು. ಹುಡುಗಿ ತಲುಪಿದಳೇ? ಎಲ್ಲಿದ್ದಾಳೆ? ಕೆಲಸ ಸಿಕ್ಕಿತೇ? ಕೆಲವರು ಕೊಟ್ಟ ವಿಳಾಸದಲ್ಲಿ ಇರಲೇ ಇಲ್ಲ. ಕೆಲವರ ಪತ್ತೆಯೇ ಆಗಲಿಲ್ಲ. ಆಮೇಲೆ 1910ರಲ್ಲಿ ಡಿಯರ್‌ಬಾರ್ನ್ ನಿಲ್ದಾಣದ ಎದುರಿಗೇ ಒಂದು ವಿಶ್ರಾಂತಿ ಕೊಠಡಿ ತೆರೆದರು. ಇಳಿದವರನ್ನು ಅಲ್ಲಿ ಕೂಡಿಸಿ, ವಿಳಾಸ ನೋಡಿ, ಸರಿಯಾದ ಮನೆಗೆ ತಲುಪಿಸುವುದು. ಕೆಲಸ ಹುಡುಕುವುದಕ್ಕೂ ಮೊದಲು ಆಗಬೇಕಾದ ಕೆಲಸ ಇದು.

ಗ್ರೇಸ್ ಅಬಟ್ ಅವರು ಕೆಲಸ ಕೊಡಿಸುವ ಏಜೆನ್ಸಿಗಳನ್ನು ಒಂದೊಂದಾಗಿ ಶೋಧಿಸಿದರು. ಹಣ ಕಟ್ಟಿಸಿಕೊಂಡು ಗಂಡಸರನ್ನು ನೂರಾರು ಮೈಲಿ ದೂರದ ರೈಲುದಾರಿಯ ಕೆಲಸಕ್ಕೆ ಕಳಿಸುವುದು, ಅಲ್ಲಿ ಹೋದರೆ ಕೆಲಸವಿಲ್ಲ. ಹೆಂಗಸರನ್ನು ಮನೆಗೆಲಸಕ್ಕೆ, ಹೋಟೆಲುಗಳ ಅಡಿಗೆಮನೆಗೆ ಕಳಿಸುವುದು, ಅಲ್ಲಿನ ಸ್ಥಿತಿ ಹೇಗಿದೆ ಎಂದು ನೋಡುವವರಿಲ್ಲ. ಭಾಷೆ ಬಾರದವರಿಂದಲೇ ಹೆಚ್ಚು ಹಣ ಸುಲಿಯುವುದು. ಇದನ್ನೆಲ್ಲ ಬರೆದು ಪ್ರಕಟಿಸಿದರು. 1909ರಲ್ಲಿ ಇಲಿನಾಯ್ ಸಂಸ್ಥಾನ ಏಜೆನ್ಸಿಗಳನ್ನು ಹತೋಟಿಯಲ್ಲಿಡಲು ಹೊಸ ಕಾಯ್ದೆ ಮಾಡಿತು.

ಗಿರಣಿಯ ಹಿರಿಯರು ಇಲ್ಲಿ ತಮ್ಮ ಜಾಬರನನ್ನು ನೆನೆಯುತ್ತಿರಬಹುದು. ಈ ಮುಂಬಯಿಯ ಗಿರಣಿಗಳಲ್ಲಿ 1920ರ ದಶಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೆಂಗಸರಿದ್ದರು. ನೂಲು ಸುತ್ತುವ ಖಾತೆಗಳಲ್ಲಿ ಅವರ ಮೇಲೆ ನಾಯಕಿಣಿ ಎಂಬ ಮುಖ್ಯಸ್ಥೆ ಇರುತ್ತಿದ್ದಳು. ಕೆಲಸಕ್ಕೆ ಸೇರಬೇಕಾದರೆ ಅವಳಿಗೆ ದಸ್ತೂರಿ, ಉಳಿಯಬೇಕಾದರೆ ಮತ್ತೆ ದಸ್ತೂರಿ. ಷಿಕಾಗೋದ ದಲ್ಲಾಳಿಯೂ, ನಮ್ಮ ನಾಯಕಿಣಿಯೂ, ನನ್ನ ಮೊದಲ ಪಗಾರ ತಿಂದ ಹೆಂಗಸೂ ಒಂದೇ ಗರಡಿಯವರು. ಅವರ ಬಲವೆಲ್ಲ ನಮ್ಮ ಅಜ್ಞಾನದಲ್ಲಿದೆ. ಬಾಗಿಲು ಎಲ್ಲಿದೆ ಎಂದು ನಮಗೆ ಗೊತ್ತಿಲ್ಲದುದರಿಂದಲೇ ಬಾಗಿಲು ತೋರಿಸಿದವನಿಗೆ ಸುಂಕ ಕೊಡುತ್ತೇವೆ.

ಆದರೆ ಬಂಧುಗಳೇ, ಕೆಲಸ ಸಿಕ್ಕಿದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ಹೊಸಬಳಿಗೆ ಸಿಗುವುದು ಯಾರಿಗೂ ಬೇಡವಾದ ಕೆಲಸ, ಕಡಿಮೆ ಕೂಲಿ. 1910ರ ಸೆಪ್ಟೆಂಬರ್ 22ರಂದು ಷಿಕಾಗೋದ ಒಂದು ದೊಡ್ಡ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಜೇಬು ಹೊಲಿಯುವ ಕೂಲಿಯನ್ನು ನಾಲ್ಕು ಸೆಂಟಿನಿಂದ ಮೂರೂಮುಕ್ಕಾಲು ಸೆಂಟಿಗೆ ಇಳಿಸಿದರು. ಕಾಲು ಸೆಂಟು! ಹ್ಯಾನ ಶಪೀರೋ ಎಂಬ ಹದಿನೆಂಟರ ಹುಡುಗಿ, ರಷ್ಯದ ಸೀಮೆಯಿಂದ ವಲಸೆ ಬಂದವಳು, ಎದ್ದು ಹೊರನಡೆದಳು. ಅವಳ ಹಿಂದೆ ಹದಿನೈದು ಹದಿನಾರು ಮಂದಿ ಹೆಂಗಸರು ಹೊರಟರು. ಗಂಡಸರು ಮೊದಲು ನಕ್ಕರು. ಕೆಲವು ವಾರಗಳಲ್ಲಿ ನಗರದ ಸುಮಾರು ನಲವತ್ತು ಸಾವಿರ ಉಡುಪು ಕೆಲಸಗಾರರು ಹೊರಗಿದ್ದರು. ಹೆಂಗಸರ ಸಂಘಟನೆಯವರು ಮುಷ್ಕರದ ಮನೆಗಳಿಗೆ ರೊಟ್ಟಿ, ಕಾಳು ಹಂಚುವ ಅಂಗಡಿ ನಡೆಸಿದರು. 1911ರ ಜನವರಿಯಲ್ಲಿ ಆ ದೊಡ್ಡ ಕಾರ್ಖಾನೆಯೊಡನೆ ಒಪ್ಪಂದವಾಯಿತು, ತಕರಾರುಗಳನ್ನು ಕೇಳಲು ಪಂಚಾಯಿತಿ ಬಂತು. ಮಿಕ್ಕ ಬಹಳ ಕಾರ್ಖಾನೆಗಳವರು ಒಪ್ಪಂದವಿಲ್ಲದೆ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಅದನ್ನೂ ಹೇಳದಿದ್ದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತೆ. ನಮಗೂ 1982 ನೆನಪಿದೆ.

ಆ ಕಾಲು ಸೆಂಟು ಇಳಿದದ್ದನ್ನು ಗುರುತಿಸಬೇಕಾದರೆ ಲೆಕ್ಕ ಬರಬೇಕು. ಅಲ್ಲಿ ನನಗೆ ನಮ್ಮ ಮಾವಶಿಯ ನೆನಪಾಯಿತು. ಅಮೆರಿಕದ ಹೆಂಗಸರ ಕಾರ್ಮಿಕ ಸಂಘಟನೆಯವರು ವಲಸೆ ಬಂದ ಹೆಂಗಸರಿಗೆ ಇಂಗ್ಲಿಷ್ ಕಲಿಸಲು ಪುಟ್ಟ ಪಾಠಗಳನ್ನು ಬರೆದರು. ಅವುಗಳಲ್ಲಿ ರಾಜರಾಣಿಯರ ಕಥೆ ಇರಲಿಲ್ಲ. ಕೆಲಸದ ಹೊತ್ತು, ಕೂಲಿ, ಕಾಯ್ದೆ, ಸಂಘ, ಇವುಗಳ ಮಾತೇ ಪಾಠ. ಹೋಟೆಲ್ ಹುಡುಗರಿಗೆಂದು ಈ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದ ನಮ್ಮ ಹಿರಿಯರ ಬುದ್ಧಿಯೂ ಇದೇ. ಕಪ್ಪು ಬಸಿ ತೊಳೆದ ಕೈ ರಾತ್ರಿ ಪಾಟಿ ಹಿಡಿಯಿತು. ಆದರೆ ಆ ಶಾಲೆಗಳಿಗೆ ಹೋದವರು ಹೆಚ್ಚಾಗಿ ಹುಡುಗರು. ಹೆಂಗಸರಿಗೆ ಅಂಥದೊಂದನ್ನು ನಾವು ಮಾಡಿದೆವೇ? ಅಧ್ಯಕ್ಷರ ಕ್ಷಮೆ ಕೋರಿ ಈ ಪ್ರಶ್ನೆ ಕೇಳುತ್ತೇನೆ.

ಇನ್ನೊಂದು ಸಂಗತಿ ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. 1900ರಲ್ಲಿ ಹಲ್ ಹೌಸಿನಲ್ಲಿ ಕೆಲಸದ ಒಂದು ವಸ್ತುಸಂಗ್ರಹಾಲಯ ಮಾಡಿದರು. ಕೇರಿಯ ಮುದುಕಿಯರು ಅಲ್ಲಿ ಬಂದು ತಮ್ಮೂರಿನ ಕ್ರಮದಲ್ಲಿ ನೂಲುವುದನ್ನು, ನೇಯುವುದನ್ನು ಮಾಡಿ ತೋರಿಸುತ್ತಿದ್ದರು. ಒಬ್ಬ ಇಟಲಿಯ ಹುಡುಗಿ ಅದೇ ಸಂಜೆ ಅಡಿಗೆಯ ತರಗತಿಗೆ ಬರುತ್ತಿದ್ದಳು. ಅವಳ ತಾಯಿ ನೂಲಲು ಬರುತ್ತಿದ್ದಳು. ಮಗಳು ಮುಂಬಾಗಿಲಿನಿಂದ ಬಂದರೆ ತಾಯಿಗೆ ಬೇರೆ ಬಾಗಿಲು. ತಲೆಗೆ ಬಟ್ಟೆ ಕಟ್ಟಿದ ಹಳ್ಳಿ ತಾಯಿಯೊಡನೆ ಒಂದೇ ಬಾಗಿಲಿನಲ್ಲಿ ಕಾಣಿಸಿಕೊಳ್ಳಲು ಮಗಳಿಗೆ ನಾಚಿಕೆ. ಒಂದು ಸಂಜೆ ಆ ತಾಯಿ ಕದಿರು ಹಿಡಿದು ನೂಲುವುದನ್ನು ದೊಡ್ಡ ದೊಡ್ಡವರು ಸುತ್ತ ನಿಂತು ಬೆರಗಿನಿಂದ ನೋಡುವುದನ್ನು ಮಗಳು ಕಂಡಳು. ಅಷ್ಟು ಚೆನ್ನಾಗಿ ನೂಲುವವರು ಈ ದೇಶದಲ್ಲೇ ಅಪರೂಪ ಎಂದು ಜೇನ್ ಆಡಮ್ಸ್ ಅವಳಿಗೆ ತಿಳಿಸಿದರು. ಕೆಲವು ದಿನಗಳಲ್ಲಿ ತಾಯಿ ಮಗಳು ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಬಂದರು.

ನನ್ನ ಮಗಳು ಇದನ್ನು ಓದಿದ ರಾತ್ರಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಶಾಲೆಯ ಸಭೆಗೆ ನನ್ನನ್ನು ಕರೆಯದೆ ಇದ್ದ ಒಂದು ವರ್ಷ ನಮ್ಮ ಮನೆಯಲ್ಲೂ ಇತ್ತು.

ವಲಸೆ ಬಂದವಳ ಕೈ ಬರಿದಲ್ಲ. ಅವಳು ರೊಟ್ಟಿ ಬಡಿಯಬಲ್ಲಳು, ಹಪ್ಪಳ ಒತ್ತಬಲ್ಲಳು, ಹೊಲಿಯಬಲ್ಲಳು, ರೋಗಿಯನ್ನು ನೋಡಿಕೊಳ್ಳಬಲ್ಲಳು. ಈ ಮುಂಬಯಿಯಲ್ಲೇ 1959ರ ಮಾರ್ಚ್ 15ರಂದು ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕುಳಿತರು. ಇಂದು ಲಿಜ್ಜತ್ ಹೆಸರು ಕೇಳದವರಿಲ್ಲ. ಗಿರಣಿಯವರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಟ್ಟುಗೂಡಿಸಿ, ಸಾಹುಕಾರರ ಬಡ್ಡಿಯಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ಆ ಕೈಗಳು ಮೊದಲೂ ಅದೇ ಅಡಿಗೆ ಮಾಡುತ್ತಿದ್ದವು. ಒಟ್ಟಾದ ಮೇಲೆ ಅದಕ್ಕೆ ಬೆಲೆ ಬಂತು.

ಈಗ ನಮ್ಮ ಕಾಲಕ್ಕೆ ಬರೋಣ. ಹೋದ ಚಳಿಗಾಲದಲ್ಲಿ ನಮ್ಮ ಸದಸ್ಯರೊಬ್ಬರ ತಂಗಿ ಊರಿನಿಂದ ಬಂದಳು. ವಯಸ್ಸು ಇಪ್ಪತ್ತಾರು, ಎಂಟನೆಯ ತರಗತಿ ಓದು, ಗಂಡನಿಲ್ಲ, ಒಂದು ಕೂಸು. ಕೊಲ್ಲಿಯ ದೇಶದಲ್ಲಿ ಮನೆಗೆಲಸ, ಕೈತುಂಬ ಸಂಬಳ ಎಂದು ಒಬ್ಬ ಏಜೆಂಟ್ ಹೇಳಿದ್ದ. ಅಣ್ಣ ಸಾಲ ಮಾಡಿ ಮುಂಗಡ ಕೊಟ್ಟಿದ್ದ. ನಮಗೆ ತಿಳಿದದ್ದು ಹೊರಡುವ ನಾಲ್ಕು ದಿನ ಮೊದಲು. ಕಾಗದ ನೋಡಿದರೆ ಪ್ರವಾಸಿ ವೀಸಾ. ಕೆಲಸದ ಕರಾರು ಇಲ್ಲವೇ ಇಲ್ಲ. ಹುಡುಗಿ ಉಳಿದಳು, ಮುಂಗಡ ಉಳಿಯಲಿಲ್ಲ. ನಾಲ್ಕು ದಿನ ತಡವಾಗಿದ್ದರೆ ಹುಡುಗಿಯೂ ಹೋಗುತ್ತಿದ್ದಳು.

ಆದ್ದರಿಂದ ಇದನ್ನು ದಯವಿಟ್ಟು ಮನೆಯಲ್ಲಿ ಹೇಳಿ. ಪರದೇಶಕ್ಕೆ ಕೆಲಸಕ್ಕೆ ಕಳಿಸುವವನು 1983ರ ವಲಸೆ ಕಾಯ್ದೆಯ ಪ್ರಕಾರ ಸರಕಾರದಲ್ಲಿ ನೋಂದಾಯಿಸಿಕೊಂಡವನಾಗಿರಬೇಕು. ಆ ಹೆಸರುಗಳು ಸರಕಾರದ ಈ-ಮೈಗ್ರೇಟ್ ತಾಣದಲ್ಲಿ ಸಿಗುತ್ತವೆ. ನಿಮ್ಮ ಮಕ್ಕಳ ಮೊಬೈಲಿನಲ್ಲೇ ನೋಡಬಹುದು. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಪರವಾನಗಿ ಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಮೂವತ್ತು ವರ್ಷ ತುಂಬಿರಬೇಕೆಂದು ನಿಯಮವಿದೆ. ವಿಚಾರಿಸಲು ಈ ಮುಂಬಯಿಯಲ್ಲೇ ವಲಸೆ ರಕ್ಷಣಾಧಿಕಾರಿಯ ಕಚೇರಿ ಇದೆ. ಸಂಬಳ, ಹೊತ್ತು, ರಜೆ ಬರೆದ ಕರಾರಿನ ಪ್ರತಿ ಕೈಗೆ ಬರದೆ ಹೊರಡಬಾರದು. ಪಾಸ್‌ಪೋರ್ಟಿನ ಒಂದು ಪ್ರತಿ ಮನೆಯಲ್ಲಿರಬೇಕು. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಹೋಗು ಎಂದವನು ಯಾವ ಊರಿನವನೇ ಆಗಲಿ, ಯಾವ ಜಾತಿಯವನೇ ಆಗಲಿ, ನಮ್ಮವನಲ್ಲ.

ಇನ್ನು ನನ್ನ ಬೇಡಿಕೆ. ಷಿಕಾಗೋದಲ್ಲೂ ಹೆಚ್ಚಿನ ಹುಡುಗಿಯರಿಗೆ ಮೊದಲ ಕೆಲಸ ಸಿಕ್ಕಿದ್ದು ನೆಂಟರಿಂದ, ಊರವರಿಂದ. ಇಲ್ಲೂ ಹಾಗೆಯೇ. ಹೋಟೆಲಿನ ಭಟ್ಟರಿಗೆ ಯಾವ ಅಡಿಗೆಮನೆಯಲ್ಲಿ ಹೆಂಗಸರಿಗೆ ಮರ್ಯಾದೆಯ ಕೆಲಸವಿದೆ ಎಂದು ಗೊತ್ತು. ಗಲ್ಲೆಯ ಮೇಲೆ ಕೂರುವವರಿಗೆ ಯಾವ ಯಜಮಾನ ಪಗಾರ ಹಿಡಿಯುತ್ತಾನೆಂದು ಗೊತ್ತು. ಈ ತಿಳಿವಳಿಕೆ ಇಂದು ನೂರು ಕಿವಿಗಳಲ್ಲಿ ಚೆದುರಿದೆ. ಅದು ಒಂದು ಪುಸ್ತಕಕ್ಕೆ ಬರಲಿ. ನಮ್ಮ ಸಂಘದ ಕೋಣೆಯಲ್ಲಿ ಗುರುವಾರ ಸಂಜೆ ಒಂದು ಮೇಜು ಹಾಕಿ. ಕೆಲಸದ ಜಾಗ, ಕೂಲಿ, ಹೊತ್ತು, ರಜೆ, ಅಲ್ಲಿ ದುಡಿದವರ ಅನುಭವ, ಇಷ್ಟನ್ನು ಬರೆದಿಡೋಣ. ಬಂದವಳನ್ನು ಮೊದಲು "ನಿನಗೆ ಏನು ಬರುತ್ತದೆ, ಏನು ಬೇಕು" ಎಂದು ಕೇಳೋಣ. ರುಜು ಹಾಕುವ ಮೊದಲು ಕಾಗದ ಓದಿ ಹೇಳೋಣ. ಮೊದಲ ದಿನ ಒಬ್ಬರು ಜೊತೆಗೆ ಹೋಗಿ ಬರೋಣ. ತಿಂಗಳಾದ ಮೇಲೆ ಪಗಾರ ಕೈಗೆ ಬಂತೇ ಎಂದು ವಿಚಾರಿಸೋಣ. ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳುವುದು ಬೇಡ. ಅಂದು ತೆಗೆದುಕೊಂಡರೆ ನಾವೂ ದಲ್ಲಾಳಿಗಳೇ.

ಅದೇ ಮೇಜಿನ ಬಳಿ ಅರ್ಧ ಗಂಟೆ ಪಾಠವೂ ಆಗಲಿ. ಮರಾಠಿ, ಹಿಂದಿಯ ಲೆಕ್ಕ, ದಿನದ ಮಾತು, ಪಗಾರದ ಚೀಟಿ ಓದುವುದು. ಕಲಿಸಲು ನನ್ನ ಮಗಳು ಒಪ್ಪಿದ್ದಾಳೆ. ಲೆಕ್ಕದ ಪಾಠ ಮಾತ್ರ ನನ್ನದು. ಮಾವಶಿ ಈಗ ಇಲ್ಲ. ಅವರ ಋಣ ತೀರಿಸಲು ನನಗೆ ಬೇರೆ ದಾರಿ ಗೊತ್ತಿಲ್ಲ.

ಇದು ಹೆಂಗಸರ ಕೆಲಸ ಎಂದು ಗಂಡಸರು ಎದ್ದು ಹೋಗಬಾರದು. ನಿಮ್ಮ ತಂಗಿಗೆ ಅರ್ಧ ಕೂಲಿ ಸಿಗುವವರೆಗೆ ನಿಮ್ಮ ಪೂರ್ಣ ಕೂಲಿಯೂ ಭದ್ರವಲ್ಲ. ಯಜಮಾನನಿಗೆ ಅಗ್ಗದ ಕೈ ಯಾವುದಾದರೂ ಆದೀತು.

ಅಧ್ಯಕ್ಷರು ಈ ಸೂಚನೆಯನ್ನು ಇಂದೇ ಸಭೆಯ ಮುಂದಿಡಬೇಕೆಂದು ಪ್ರಾರ್ಥಿಸುತ್ತೇನೆ. ಪುಸ್ತಕವನ್ನು ನಾನು ಕೊಂಡು ತಂದಿದ್ದೇನೆ, ಇಲ್ಲಿದೆ. ನೂರು ಪುಟ. ಮೊದಲ ಪುಟದಲ್ಲಿ ಆ ಇಪ್ಪತ್ತಾರರ ಹುಡುಗಿಯ ಹೆಸರು ಬರೆದಿದ್ದೇನೆ. ಅವಳಿಗೆ ಚೆನ್ನಾಗಿ ರೊಟ್ಟಿ ಬಡಿಯಲು ಬರುತ್ತದೆ. ಕೂಸನ್ನು ಬಿಟ್ಟು ಹೋಗದಂಥ ಕೆಲಸ ಬೇಕೆಂದು ಅವಳ ಅಪೇಕ್ಷೆ. ಎದುರಿನ ಸಾಲು ಖಾಲಿ ಇದೆ. ಅದನ್ನು ತುಂಬಬಲ್ಲವರು ಈ ಸಭೆಯಲ್ಲೇ ಇದ್ದಾರೆ, ಹೊರಗೆ ಹೋಗುವ ಮುನ್ನ ನನ್ನ ಬಳಿ ಬಂದು ಹೇಳಿ.